ತಲೆ ಮೇಲೆ ಹಾರೋ ವಿಮಾನ ಹತ್ತೋಕೆ 190 ಕಿ.ಮೀ. ಹಿಂದೆ: ಮಂಗಳೂರು–ಮುಂಬೈ ದೂರದ ಕಥೆ, ಸಂತೆಗುಳಿಯಿಂದ

(1/12)
ಮೊದಲ ಫೋಟೋ ಝೂಮ್ ಮಾಡಿ ನೋಡಿ. ಪಶ್ಚಿಮ ಕರಾವಳಿಯ ಮ್ಯಾಪ್ ಅದು. ಬಜ್ಪೆಯಲ್ಲಿರುವ ಮಂಗಳೂರು ಏರ್‌ಪೋರ್ಟಿನಿಂದ ಮುಂಬೈ ಏರ್‌ಪೋರ್ಟಿಗೆ ನಾನೇ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದಿದ್ದೇನೆ. ಉದ್ದ ಸುಮಾರು 714 ಕಿ.ಮೀ.

ಈಗ ಆ ಗೆರೆ ಯಾವ ಊರುಗಳ ಮೇಲೆ ಹೋಗ್ತದೆ ನೋಡಿ. ಉಡುಪಿ. ಭಟ್ಕಳ. ಹೊನ್ನಾವರ. ಕುಮಟಾ. ಅಂಕೋಲಾ. ಹೆದ್ದಾರಿ 66ರ ಬಸ್ಸಿನ ಬೋರ್ಡ್ ಓದಿದ ಹಾಗೇ ಇದೆ ಅಲ್ವಾ? ನಮ್ಮ ಸಂತೆಗುಳಿ ಆ ಗೆರೆಯಿಂದ ಕೆಲವೇ ಕಿ.ಮೀ. ಪೂರ್ವಕ್ಕೆ. ನಿಜವಾದ ವಿಮಾನ ಹೀಗೆ ಸ್ಕೇಲ್ ಇಟ್ಟ ಹಾಗೆ ಹಾರೋದಿಲ್ಲ, ಅದಕ್ಕೆ ಗೊತ್ತು ಮಾಡಿದ ದಾರಿ ಬೇರೆ ಇರ್ತದೆ. ಆದ್ರೂ ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಅಂದ್ರೆ ಇದೇ.

ಹಾಗಾದ್ರೆ ನಮ್ಮೂರಿನವರು ಮಂಗಳೂರಿಂದ ಮುಂಬೈ ವಿಮಾನ ಹತ್ತಬೇಕಾದ್ರೆ ಏನು ಮಾಡಬೇಕು? ಕುಮಟಾದಿಂದ ದಕ್ಷಿಣಕ್ಕೆ ಸುಮಾರು 190 ಕಿ.ಮೀ. ರಸ್ತೆಯಲ್ಲಿ ಹೋಗಬೇಕು. ನಾಲ್ಕು ಗಂಟೆ ಹಿಡೀತು ಅಂತಿಟ್ಟುಕೊಳ್ಳಿ. ವಿಮಾನ ಮೇಲೆದ್ದ ಮೇಲೆ ಸುಮಾರು ಇಪ್ಪತ್ತು ನಿಮಿಷಕ್ಕೆ ವಾಪಸ್ ಕುಮಟಾದ ಹತ್ತಿರ ಬಂದಿರ್ತೀರಿ, ನೀವು ಬೆಳಿಗ್ಗೆ ಮನೆ ಬಿಟ್ಟ ಜಾಗಕ್ಕೇ.

ಗೂಗಲ್‌ನಲ್ಲಿ “ಎರಡು ಏರ್‌ಪೋರ್ಟ್ ನಡುವೆ ದೂರ ಎಷ್ಟು, ಎಷ್ಟು ಹೊತ್ತು” ಅಂತ ಹಾಕಿದ್ರೆ ಒಂದು ಸಾಲಿನ ಉತ್ತರ ಬರ್ತದೆ. ಆ ಒಂದು ಸಾಲಿನ ಹಿಂದೆ ನಮ್ಮ ಕರಾವಳಿಯ ನೂರೈವತ್ತು ವರ್ಷದ ಕಥೆ ಇದೆ. ಈ ಸರಣಿ ಅದರದ್ದು. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಟುಕೊಂಡು ನಿಧಾನಕ್ಕೆ ಓದಿ.

(2/12)
ಮೊದಲು ಲೆಕ್ಕ ಮುಗಿಸಿಬಿಡೋಣ. ಜೆಟ್ ವಿಮಾನ ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 800 ಕಿ.ಮೀ. ವೇಗದಲ್ಲಿ ಹಾರ್ತದೆ. 714ನ್ನು 800ರಿಂದ ಭಾಗಿಸಿದ್ರೆ 54 ನಿಮಿಷ. ಆದ್ರೆ ಟಿಕೆಟಿನಲ್ಲಿ ಒಂದೂವರೆ ಗಂಟೆಯ ಹತ್ತಿರ ಇರ್ತದೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯ್ತು?

ಟಿಕೆಟಿನ ಹೊತ್ತು ಶುರುವಾಗೋದು ವಿಮಾನ ನಿಂತ ಜಾಗದಿಂದ ಅಲುಗಾಡಿದಾಗ. ಮುಗಿಯೋದು ಇಳಿದು, ಮತ್ತೆ ನಿಲ್ಲುವ ಜಾಗಕ್ಕೆ ಬಂದು ನಿಂತಾಗ. ಇದಕ್ಕೆ ‘ಬ್ಲಾಕ್ ಟೈಮ್’ ಅಂತಾರೆ. ರನ್‌ವೇವರೆಗೆ ತೆವಳೋದು, ನಿಧಾನಕ್ಕೆ ಮೇಲೇರೋದು, ಮುಂಬೈ ಆಕಾಶದಲ್ಲಿ ಸರತಿ ಕಾಯೋದು, ಇಳಿಯೋದು, ಎಲ್ಲಾ ಇದರಲ್ಲೇ ಬಂತು. ಹಾಗಾಗಿ ದೂರ ಅರ್ಧಕ್ಕಿಂತ ಕಡಿಮೆ ಆದ್ರೂ ಹೊತ್ತು ಅರ್ಧ ಆಗೋದಿಲ್ಲ. ಮಂಗಳೂರು–ಬೆಂಗಳೂರು ನೇರ ದೂರ ಬರೀ 306 ಕಿ.ಮೀ., ಟಿಕೆಟಿನಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು.

ಇನ್ನೊಂದು ಸಣ್ಣ ವಿಷಯ. ವಿಮಾನದವರು ದೂರವನ್ನು ನಾಟಿಕಲ್ ಮೈಲಿನಲ್ಲಿ ಹೇಳ್ತಾರೆ. ಒಂದು ನಾಟಿಕಲ್ ಮೈಲು ಅಂದ್ರೆ 1.852 ಕಿ.ಮೀ. ಮಂಗಳೂರು–ಮುಂಬೈ ಅವರ ಲೆಕ್ಕದಲ್ಲಿ ಸುಮಾರು 386. ಹೆಸರೇ ಹೇಳುವ ಹಾಗೆ ಇದು ಹಡಗಿನವರ ಅಳತೆ. ನಮ್ಮ ಕರಾವಳಿಯವರು ಬೊಂಬಾಯಿಗೆ ಹೋಗ್ತಿದ್ದದ್ದೂ ಮೊದಲು ಹಾಗೇ ತಾನೇ, ಸಮುದ್ರದ ಮೇಲೆ.

(3/12)
ಬೊಂಬಾಯಿಗೇ ಯಾಕೆ ಹೋಗಬೇಕಿತ್ತು? ಬೆಂಗಳೂರು ಯಾಕಲ್ಲ?

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಇಡೀ ಕೆನರಾ ಬ್ರಿಟಿಷರ ಕೈಗೆ ಬಂತು. ಮೊದಲು ಪೂರ್ತಿ ಮದ್ರಾಸಿನ ಕೆಳಗಿತ್ತು. 1862ರಲ್ಲಿ ಉತ್ತರದ ಭಾಗವನ್ನು, ಅಂದ್ರೆ ನಮ್ಮ ಜಿಲ್ಲೆಯನ್ನು, ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳೀತು. ಭಟ್ಕಳ ದಾಟಿ ಬೈಂದೂರಿಗೆ ಕಾಲಿಟ್ಟರೆ ಬೇರೆ ಸರಕಾರ. 1956ರ ನವೆಂಬರ್ 1ರವರೆಗೂ, ಅಂದ್ರೆ 94 ವರ್ಷ, ನಮ್ಮ ರಾಜಧಾನಿ ಬೊಂಬಾಯಿ. ಹೈಕೋರ್ಟು ಅಲ್ಲಿ, ದೊಡ್ಡ ಆಫೀಸು ಅಲ್ಲಿ, ಕೆಲಸ ಹುಡುಕಿಕೊಂಡು ಹೋಗುವವರ ದಾರಿಯೂ ಅಲ್ಲಿಗೇ.

ಈ ಬದಲಾವಣೆಯ ಹಿಂದೆ ಇದ್ದದ್ದು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಮಿಲ್ಲುಗಳಿಗೆ ಅಲ್ಲಿಯ ಹತ್ತಿ ಬರೋದು ನಿಂತಿತು. ಧಾರವಾಡ–ಹುಬ್ಬಳ್ಳಿ ಕಡೆಯ ಹತ್ತಿಗೆ ಬೇಡಿಕೆ ಏರಿತು. ಅದು ಎತ್ತುಗಳ ಮೇಲೆ, ಗಾಡಿಗಳ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಪತ್ತೇಮಾರಿಗಳಲ್ಲಿ ಬೊಂಬಾಯಿಗೆ ಹೋಗ್ತಿತ್ತು. ತಮಾಷೆ ಏನಂದ್ರೆ, ಕುಮಟಾದಲ್ಲಿ ಒಂದು ಗಿಡ ಹತ್ತಿ ಬೆಳೆಯದಿದ್ರೂ ಪೇಟೆಯಲ್ಲಿ ಆ ಹತ್ತಿಗೆ ಹೆಸರು ‘ಕುಮ್ಟಾ’. ನಾವು ಈಗ ಶಿರಸಿಗೆ ಹೋಗುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳೋ ದೇವಿಮನೆ ಘಟ್ಟದ ದಾರಿಗೆ ಬೆಲೆ ಬಂದದ್ದೂ ಈ ಹತ್ತಿಯಿಂದ.

1880ರ ದಶಕದ ಕೊನೆಗೆ ಮರ್ಮಗೋವಾ ಬಂದರಿಗೆ ಘಟ್ಟದ ಮೇಲಿಂದ ರೈಲು ಬಂತು. ಹುಬ್ಬಳ್ಳಿಯ ಹತ್ತಿ ಆ ಕಡೆ ತಿರುಗಿತು. ಕುಮಟಾ ಬಂದರು ಸೊರಗಿತು. ಮುಂಬೈಗೂ ಕುಮಟಾಕ್ಕೂ ನಡುವಿನ ಕಿಲೋಮೀಟರ್ ಒಂದೂ ಬದಲಾಗಿರಲಿಲ್ಲ. ಬದಲಾದದ್ದು ಬೇರೆ ಊರಿನ ದಾರಿ.

(4/12)
ಆಮೇಲೆ ಆಗಬೋಟಿನ ಕಾಲ. ಉಗಿಯಲ್ಲಿ ಓಡುವ ಹಡಗಿಗೆ ನಮ್ಮ ಹಿರಿಯರು ಹೇಳೋದು ಆಗಬೋಟು ಅಂತ. ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳು ಈ ತೀರದ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗುತ್ತಿದ್ದವು. ಕುಮಟಾದಂಥ ಕಡೆ ದೊಡ್ಡ ಹಡಗು ದಡಕ್ಕೆ ಬರುವ ಹಾಗಿರಲಿಲ್ಲ. ಅದು ದೂರ ಸಮುದ್ರದಲ್ಲಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ಹೋಗಿ, ಅಲೆಯ ಕುಲುಕಾಟದ ನಡುವೆ, ಗಂಟುಮೂಟೆ ಸಮೇತ ಹಡಗು ಹತ್ತಬೇಕಿತ್ತು. ಹೆಂಗಸರು, ಮಕ್ಕಳು ಎಲ್ಲಾ.

ನಮ್ಮ ಕಡೆಯ ಹಿರಿಯರೊಬ್ಬರು ಇದ್ದಾರೆ, ವಯಸ್ಸು ತೊಂಬತ್ತರ ಹತ್ತಿರ. ಈ ಸರಣಿಗಾಗಿ ಅವರನ್ನು ಕೇಳಿದೆ.

“ಅಜ್ಜಾ, ಆಗ ಬೊಂಬಾಯಿಗೆ ಹೋಗೂಕೆ ಎಷ್ಟು ಹೊತ್ತು ಬೇಕಾಗ್ತಿತ್ತು?”

“ಯಾವ ತಿಂಗಳಲ್ಲಿ?” ಅಂತ ಅವರೇ ತಿರುಗಿ ಕೇಳಿದರು.

ನನಗೆ ಆ ಕ್ಷಣಕ್ಕೆ ಅರ್ಥ ಆಗಲಿಲ್ಲ. ಅವರು ಬಿಡಿಸಿ ಹೇಳಿದರು. ಜೂನ್ ಬಂತು ಅಂದ್ರೆ ಆಗಬೋಟು ಬಂದ್. ಸಮುದ್ರ ಬಿಟ್ಟುಕೊಡೋದು ಮಳೆಗಾಲ ಕಳೆದ ಮೇಲೆಯೇ. ಆ ತಿಂಗಳುಗಳಲ್ಲಿ ಹೋಗಲೇಬೇಕು ಅಂದ್ರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಪುಣೆ ಮೇಲೆ ರೈಲು. ಬೇಸಿಗೆಯಲ್ಲಾದ್ರೆ ಹಡಗು. ಗಂಟೆಗೆ 20 ಕಿ.ಮೀ. ಅಂತ ಲೆಕ್ಕ ಹಿಡಿದ್ರೂ ಬರೀ ಓಡೋದಕ್ಕೇ ಒಂದು ಹಗಲು ಒಂದು ರಾತ್ರಿ ಮೀರ್ತದೆ; ದಾರಿಯಲ್ಲಿ ಬಂದರು ಬಂದರಿಗೆ ನಿಂತದ್ದು ಬೇರೆ.

“ಯಾವ ತಿಂಗಳಲ್ಲಿ?” ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. ಮುಂದಿನ ಭಾಗಗಳಲ್ಲಿ ಮತ್ತೆ ಬರ್ತದೆ.

(5/12)
ಈಗ ವಿಮಾನ. ಭಾರತದ ನಾಗರಿಕ ವಿಮಾನದ ಕಥೆ ಎಲ್ಲರೂ ಶುರು ಮಾಡೋದು 1932ರ ಅಕ್ಟೋಬರ್ 15ರಿಂದ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಬೊಂಬಾಯಿಗೆ ಟಪಾಲು ತಂದ ದಿನ. ಅವರು ಹಾರಿಸಿದ್ದು ಪುಟ್ಟ ಪಸ್ ಮಾತ್ ವಿಮಾನ. ಅಲ್ಲಿಂದ ಮುಂದೆ ಮದ್ರಾಸಿಗೆ ಟಪಾಲು ಒಯ್ದವರು ನೆವಿಲ್ ವಿನ್ಸೆಂಟ್, ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಇದು ಕ್ವಿಜ್‌ನಲ್ಲಿ ಬರ್ತದೆ, ಗೊತ್ತಿರಲಿ.

ಕ್ವಿಜ್‌ನಲ್ಲಿ ಬಾರದೇ ಇರೋದು ಇನ್ನೊಂದಿದೆ, ನಮಗೆ ಸಂಬಂಧಪಟ್ಟದ್ದು. 1935ರ ಅಕ್ಟೋಬರ್ 29ರಂದು ಟಾಟಾದವರು ಬೊಂಬಾಯಿಯಿಂದ ತಿರುವನಂತಪುರಕ್ಕೆ ವಿಮಾನ ಶುರು ಮಾಡಿದರು. ದಾರಿಯ ನಿಲ್ದಾಣ ಗೋವಾ ಮತ್ತು ಕಣ್ಣೂರು. ಮ್ಯಾಪ್ ಮೇಲೆ ಗೋವಾದಿಂದ ಕಣ್ಣೂರಿಗೆ ಗೆರೆ ಎಳೀರಿ. ಸುಮಾರು 430 ಕಿ.ಮೀ. ಅದು ಕುಮಟಾ ತೀರದಿಂದ ಹದಿನೈದು ಕಿ.ಮೀ. ಅಷ್ಟೇ ದೂರದಲ್ಲಿ ಸಮುದ್ರದ ಮೇಲೆ ಹೋಗ್ತದೆ. ಆ ಕಾಲದ ಪುಟ್ಟ ವಿಮಾನಗಳ ವೇಗ ಗಂಟೆಗೆ 160 ಕಿ.ಮೀ. ಆಸುಪಾಸು. ಅಂದ್ರೆ ಗೋವಾ–ಕಣ್ಣೂರು ಮೂರು ಗಂಟೆಯೊಳಗೆ.

ಕೆಳಗೆ? ಕಾರವಾರದಿಂದ ಭಟ್ಕಳಕ್ಕೆ ಹೋಗುವವನು ಕಾಳಿಯ ದಕ್ಷಿಣದ ದಡದಲ್ಲಿದ್ದರೂ ಗಂಗಾವಳಿ, ಅಘನಾಶಿನಿ, ಶರಾವತಿ ಮೂರನ್ನೂ ತಾರಿಯಲ್ಲಿ ದಾಟಬೇಕು. ಮೇಲೆ ಒಬ್ಬ ಪೈಲಟ್ ಈ ನಾಲ್ಕೂ ನದಿಮುಖ ಒಂದೇ ನೋಟಕ್ಕೆ ಕಾಣ್ತಾ ಹೋಗ್ತಿದ್ದರೆ, ಕೆಳಗೆ ಒಬ್ಬ ಮನುಷ್ಯ ತಾರಿ ಬಾಗಿಲಲ್ಲಿ ಅಂಬಿಗನನ್ನು ಕೂಗ್ತಾ ನಿಂತಿರ್ತಿದ್ದ. ನನಗೆ ಈ ಚಿತ್ರ ತುಂಬಾ ದಿನ ತಲೆಯಿಂದ ಹೋಗಲಿಲ್ಲ. ಹೊಸ ಕಾಲ ನಮ್ಮೂರಿಗೆ ಬಂತು, ಆದ್ರೆ ಇಳಿಯಲಿಲ್ಲ.

(6/12)
1951ರ ಡಿಸೆಂಬರ್ 25. ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಜ್ಪೆಯಲ್ಲಿ ಇಳಿದರು. ಮಂಗಳೂರು ವಿಮಾನ ನಿಲ್ದಾಣ ಶುರುವಾದದ್ದು ಹಾಗೆ. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ನಿಲ್ದಾಣ. ರನ್‌ವೇ ಮುಗಿದಲ್ಲಿ ಕಣಿವೆ. ಇಂಥದ್ದಕ್ಕೆ ಟೇಬಲ್‌ಟಾಪ್ ಅಂತಾರೆ.

ಡಕೋಟಾದ ವೇಗ ಗಂಟೆಗೆ 300 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. 714 ಕಿ.ಮೀ.ಗೆ ಎರಡೂವರೆ ಗಂಟೆ ಮೇಲೆ. 1953ರ ಆಗಸ್ಟ್ 1ರಿಂದ ದೇಶದ ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದರು.

ನಮ್ಮ ಪಾಲಿಗೆ ಮಾತ್ರ ಬಜ್ಪೆ ಆಗ ಬೇರೆ ರಾಜ್ಯ. ದಾರಿಯ ಎಲ್ಲಾ ಹೊಳೆಗೂ ಸೇತುವೆ ಆಗಿರಲಿಲ್ಲ. ಒಂದು ದಡದಲ್ಲಿ ಬಸ್ ಇಳೀಬೇಕು, ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ ಹುಡುಕಬೇಕು. ಎರಡೂವರೆ ಗಂಟೆಯ ವಿಮಾನ ಹಿಡಿಯೋಕೆ ದಿನಗಟ್ಟಲೆ ಹೊಳೆ ದಾಟೋದು ಯಾರಿಗೆ ಬೇಕಿತ್ತು? ದುಡ್ಡಿದ್ದವರಿಗೂ ಹುಬ್ಬಳ್ಳಿ ರೈಲೇ ಸಲೀಸು. ಟಿಕೆಟ್ ದರದ ಮಾತು ಬಿಡಿ.

(7/12)
ಇದು ಚಿಕ್ಕ ಭಾಗ, ಆದ್ರೆ ನನಗೆ ಇಷ್ಟ.

ಗೋವಾ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತು ಅಂತ ಎಲ್ಲರಿಗೂ ಗೊತ್ತು. 1955ರಲ್ಲಿ ಭಾರತ ಗಡಿ ಬಂದ್ ಮಾಡಿತು, ರೈಲು ನಿಂತಿತು. ನೆಲದ ದಾರಿ ಮುಚ್ಚಿದಾಗ ಪೋರ್ಚುಗೀಸರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ದಾಬೋಲಿಮ್‌ನಲ್ಲಿ ಏರ್‌ಪೋರ್ಟ್ ಕಟ್ಟಿದ್ದು. ಅಲ್ಲಿಂದ ಅವರದ್ದೇ ಒಂದು ಪುಟ್ಟ ವಿಮಾನ ಸಂಸ್ಥೆ ದಮನ್, ದಿಯುಗಳಿಗೆ, ಕರಾಚಿಗೆ ಹಾರುತ್ತಿತ್ತು. ಪಕ್ಕದ ಕಾರವಾರಕ್ಕೆ ಬರಲಾಗದವರು ಕರಾಚಿಗೆ ಹೋಗಬಹುದಿತ್ತು! ದೂರ ಅನ್ನೋದನ್ನು ಸರಕಾರಗಳೂ ನಿರ್ಧಾರ ಮಾಡ್ತವೆ.

1961ರ ಡಿಸೆಂಬರ್ 18ರಂದು ಭಾರತದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬ್ ಹಾಕಿದವು. ಮರುದಿನ ಗೋವಾ ನಮ್ಮದು. ರನ್‌ವೇ ರಿಪೇರಿ ಆಗಿ ನೌಕಾಪಡೆಗೆ ಹೋಯ್ತು. ಇವತ್ತಿಗೂ ಅದು ಐಎನ್‌ಎಸ್ ಹಂಸ, ನಾಗರಿಕ ವಿಮಾನಗಳು ಅದೇ ರನ್‌ವೇ ಹಂಚಿಕೊಳ್ತವೆ. ಕುಮಟಾದಿಂದ ಅಲ್ಲಿಗೆ ನೇರ ದೂರ 123 ಕಿ.ಮೀ., ಬಜ್ಪೆಗಿಂತ ಹತ್ತಿರ. ಆರು ವರ್ಷ ವಿದೇಶವಾಗಿದ್ದ ಆ ಏರ್‌ಪೋರ್ಟಿಗೆ ನಮ್ಮೂರಿನ ಎಷ್ಟೋ ಜನ ಈಗ ಕಾರು ಮಾಡಿಕೊಂಡು ಹೋಗ್ತಾರೆ.

(8/12)
ನಮ್ಮ ಕರಾವಳಿಯನ್ನು ನಿಜವಾಗಿ ಮುಂಬೈ ಹತ್ತಿರ ತಂದದ್ದು ವಿಮಾನ ಅಲ್ಲ, ಕೊಂಕಣ ರೈಲು. ಇದು ನನ್ನ ಅಭಿಪ್ರಾಯ, ಬೇಕಾದ್ರೆ ಕಾಮೆಂಟ್‌ನಲ್ಲಿ ಜಗಳ ಆಡಿ.

ಅದಕ್ಕೆ ಮೊದಲು ಮಂಗಳೂರಿಂದ ಮುಂಬೈಗೆ ರೈಲಲ್ಲಿ ಹೋಗೋದು ಅಂದ್ರೆ ಕೇರಳ, ತಮಿಳುನಾಡು ಎಲ್ಲಾ ಸುತ್ತಿ ಸುಮಾರು 2,000 ಕಿ.ಮೀ., 41 ಗಂಟೆ. ಮತ್ತೆ ಹೇಳ್ತೇನೆ, ಆಕಾಶದಲ್ಲಿ 714 ಕಿ.ಮೀ. ಇರೋ ಜಾಗಕ್ಕೆ! 1998ರ ಜನವರಿ 26ರಂದು ರೋಹಾದಿಂದ ಮಂಗಳೂರಿನ ತೋಕೂರುವರೆಗಿನ 741 ಕಿ.ಮೀ. ಹಳಿ ಪೂರ್ತಿ ಬಳಕೆಗೆ ಬಂತು. 41 ಗಂಟೆ 15ಕ್ಕೆ ಇಳೀತು. ಇ. ಶ್ರೀಧರನ್ ನೇತೃತ್ವ. ಸುಮಾರು 2,000 ಸಣ್ಣ ದೊಡ್ಡ ಸೇತುವೆ, 90ಕ್ಕೂ ಹೆಚ್ಚು ಸುರಂಗ. ಇಡೀ ಮಾರ್ಗದ ಅತಿ ಉದ್ದದ ಸೇತುವೆ ಇರೋದು ನಮ್ಮ ಹೊನ್ನಾವರದ ಶರಾವತಿಯ ಮೇಲೆ, 2 ಕಿ.ಮೀ.ಗೂ ಜಾಸ್ತಿ. ಎರಡನೇ ಫೋಟೋ ಅದೇ, ಸಂಜೆ ಹೊತ್ತಲ್ಲಿ ಗೆಳೆಯ ತೆಗೆದದ್ದು.

ಯಾವ ಹೊಳೆಯ ದಡದಲ್ಲಿ ಜನ ತಾರಿ ಕಾಯ್ತಿದ್ದರೋ ಅದನ್ನು ರೈಲು ಎರಡು ಮೂರು ನಿಮಿಷದಲ್ಲಿ ದಾಟ್ತದೆ. ಮತ್ಸ್ಯಗಂಧ ರೈಲನ್ನು ಸಂಜೆ ಕುಮಟಾದಲ್ಲಿ ಹತ್ತಿದ್ರೆ ಬೆಳಿಗ್ಗೆ ಮುಂಬೈ. ಸುಮಾರು 12 ಗಂಟೆ, ಅದರಲ್ಲಿ ಅರ್ಧ ನಿದ್ದೆ. ಇತ್ತ ವಿಮಾನದ ಲೆಕ್ಕ ನೋಡಿ: ಬಜ್ಪೆಗೆ ನಾಲ್ಕು ಗಂಟೆ, ಎರಡು ಗಂಟೆ ಮೊದಲೇ ಹೋಗಿ ಕಾಯೋದು, ಒಂದೂವರೆ ಗಂಟೆ ಹಾರಾಟ, ಮುಂಬೈಯಲ್ಲಿ ಬ್ಯಾಗು, ಟ್ರಾಫಿಕ್ ಅಂತ ಇನ್ನೊಂದೂವರೆ. ಒಂಬತ್ತು ಗಂಟೆ ಆಯ್ತಲ್ಲ! ಉಳಿದದ್ದು ಮೂರು ಗಂಟೆ. ಅದಕ್ಕೆ ಕೊಟ್ಟ ದುಡ್ಡು ಎಷ್ಟು ಪಟ್ಟು ಅಂತ ನೀವೇ ನೋಡಿ.

ಅಜ್ಜನ ಪ್ರಶ್ನೆ ಇಲ್ಲೂ ಬರ್ತದೆ. ಯಾವ ತಿಂಗಳಲ್ಲಿ? ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಗುಡ್ಡ ಜರಿಯುವ ಭಯಕ್ಕೆ ವೇಗ ಕಡಿಮೆ ಮಾಡಿ ಓಡಿಸ್ತಾರೆ. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಹತ್ತಿರ ಹಳಿಗೆ ಬಿದ್ದ ಬಂಡೆಯಿಂದ ರೈಲು ಉರುಳಿ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ವೇಗ ಇಳಿಸಿದ್ದರ ಹಿಂದೆ ಇಂಥ ಸಾವುಗಳಿವೆ.

(9/12)
ಭಟ್ಕಳದ ಗೆಳೆಯರು ಇಷ್ಟು ಹೊತ್ತಿಗೆ ಕೇಳ್ತಿರ್ತೀರಿ: ನಮ್ಮ ದುಬೈ ಎಲ್ಲಿ?

ಹೌದು. ಭಟ್ಕಳದ ನವಾಯತರ ಎಷ್ಟೋ ಮನೆಗಳಿಗೆ ಬೆಂಗಳೂರಿಗಿಂತ ದುಬೈ ಹತ್ತಿರ. ಸಮುದ್ರದ ಆಚೆಗಿನ ವ್ಯಾಪಾರ ಅವರಿಗೆ ಹೊಸದಲ್ಲ. ಆದ್ರೆ ಮೊದಲೆಲ್ಲ ಗಲ್ಫ್‌ಗೆ ಹೋಗುವವರು ಮುಂಬೈಗೆ ಹೋಗಿ ಅಲ್ಲಿಂದ ಹಾರಬೇಕಿತ್ತು. 2006ರಲ್ಲಿ ಬಜ್ಪೆಯಲ್ಲಿ 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ವಿಮಾನ ಶುರು ಮಾಡಿತು. ಮಂಗಳೂರು–ದುಬೈ ಸುಮಾರು 2,460 ಕಿ.ಮೀ. ಹೋಗೋಕೆ ನಾಲ್ಕು ಗಂಟೆಯ ಹತ್ತಿರ.

ಟಿಕೆಟ್ ನೋಡಿ ಗೊಂದಲ ಆಗೋದು ಇಲ್ಲೇ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಹೋಗುವಾಗ ಟಿಕೆಟಿನಲ್ಲಿ ಎರಡೂವರೆ ಗಂಟೆಯೇ ಆದ ಹಾಗೆ ಕಾಣ್ತದೆ, ಬರುವಾಗ ಐದು ಗಂಟೆ ಹಿಡಿದ ಹಾಗೆ. ವಿಮಾನ ಬದಲಾಗಿರೋದಿಲ್ಲ, ಬದಲಾಗಿರೋದು ಗಡಿಯಾರ. ಪರೀಕ್ಷೆಗೆ ಭೂಗೋಳ ಓದುವಾಗ ಈ ಉದಾಹರಣೆ ಬಳಸಿ, ರೇಖಾಂಶ ಯಾವತ್ತೂ ಮರೆಯೋದಿಲ್ಲ.

ಭಟ್ಕಳದಿಂದ ಬಜ್ಪೆಗೆ ಹೆಚ್ಚುಕಡಿಮೆ 140 ಕಿ.ಮೀ. ಮಗ ಬರುವ ದಿನ ಅವರ ಮನೆಗಳಲ್ಲಿ ನಡುರಾತ್ರಿಗೇ ಕಾರು ಹೊರಡ್ತದೆ.

(10/12)
2010ರ ಮೇ 22ರ ರಾತ್ರಿಯೂ ಹಾಗೇ ಕಾರುಗಳು ಹೊರಟಿದ್ದವು. ಕಾಸರಗೋಡಿನಿಂದ, ಮಂಗಳೂರಿನ ಸುತ್ತಮುತ್ತಲಿಂದ, ನಮ್ಮ ಜಿಲ್ಲೆ ಕಡೆಯಿಂದ.

ದುಬೈಯಿಂದ ರಾತ್ರಿ ಒಂದರ ಹೊತ್ತಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೆಳಿಗ್ಗೆ ಆರು ಗಂಟೆ ಕಳೆದು ಬಜ್ಪೆಯಲ್ಲಿ ಇಳಿಯಿತು. ರನ್‌ವೇಯಲ್ಲಿ ನಿಲ್ಲಲಿಲ್ಲ. ಅಂಚು ದಾಟಿ ಕಣಿವೆಗೆ ಬಿತ್ತು, ಬೆಂಕಿ ಹತ್ತಿತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ಬದುಕಿದವರು 8.

ತನಿಖೆ ಹೇಳಿದ್ದು: ವಿಮಾನ ಇಳಿಯುವಾಗ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಜಾಸ್ತಿ ಇತ್ತು. ಇಳಿಯೋದನ್ನು ಅಲ್ಲಿಗೇ ಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಬೇಕಿತ್ತು. ಸಹ ಪೈಲಟ್ ಹಾಗೆ ಹೇಳಿಯೂ ಇದ್ದರು. ಕ್ಯಾಪ್ಟನ್ ಇಳಿಸಿದರು.

ಆ ಒಂದು ಸುತ್ತಿಗೆ ಹಿಡಿಯೋದು ಹತ್ತು ನಿಮಿಷ, ಹೆಚ್ಚಂದ್ರೆ ಹದಿನೈದು. ಈಗ ಮಳೆಗಾಲದಲ್ಲಿ ಬಜ್ಪೆ ಮೇಲೆ ಮೋಡ ಕವಿದು ವಿಮಾನ ಸುತ್ತು ಹಾಕಿದಾಗ, ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸಿದಾಗ ಜನ ಬೈತಾರೆ, ರೀಲ್ಸ್ ಮಾಡಿ ಹಾಕ್ತಾರೆ. ನಾನು ಆ ರೀಲ್ಸ್‌ಗೆ ಲೈಕ್ ಒತ್ತೋದಿಲ್ಲ.

(11/12)
ಇವತ್ತು ನಮ್ಮ ಸುತ್ತ ಏರ್‌ಪೋರ್ಟಿಗೆ ಕೊರತೆ ಇಲ್ಲ. ಹುಬ್ಬಳ್ಳಿಯಲ್ಲಿ 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಆಯ್ತು. ಗೋವಾದ ಮೋಪಾ 2023ರ ಜನವರಿಯಲ್ಲಿ ಶುರುವಾಯ್ತು, ಶಿವಮೊಗ್ಗ ಅದೇ ವರ್ಷದ ಆಗಸ್ಟ್ ಕೊನೆಗೆ. ಕುಮಟಾ ಮಧ್ಯೆ ಇಟ್ಟು ನೇರ ದೂರ ಅಳೆದ್ರೆ: ದಾಬೋಲಿಮ್ 123, ಹುಬ್ಬಳ್ಳಿ 126, ಶಿವಮೊಗ್ಗ 143, ಮೋಪಾ 158, ಮಂಗಳೂರು 171 ಕಿ.ಮೀ. ಮೂರನೇ ಫೋಟೋದಲ್ಲಿ ಐದೂ ಗುರುತು ಹಾಕಿದ್ದೇನೆ. ಸಮುದ್ರ ಬಿಟ್ಟು ಬಾಕಿ ಎಲ್ಲಾ ಕಡೆ ಏರ್‌ಪೋರ್ಟ್, ನಡುವೆ ನಾವು.

ನೇರ ದೂರ ಹತ್ತಿರಹತ್ತಿರ ಒಂದೇ ಇದ್ರೂ ದಾರಿ ಒಂದೇ ಅಲ್ಲ. ಹುಬ್ಬಳ್ಳಿಗೆ, ಶಿವಮೊಗ್ಗಕ್ಕೆ ಘಟ್ಟ ಹತ್ತಬೇಕು. ಮಂಗಳೂರಿಗೆ, ಗೋವಾಕ್ಕೆ ಹೆದ್ದಾರಿ 66ನ್ನೇ ನಂಬಬೇಕು.

ಆ ಹೆದ್ದಾರಿಗೆ ಏನಾಯ್ತು ನೆನಪಿದೆಯಲ್ಲ? 2024ರ ಜುಲೈ 16. ಅಂಕೋಲಾದ ಶಿರೂರಲ್ಲಿ ಗುಡ್ಡ ಜರಿದು ಹೆದ್ದಾರಿ ಮೇಲೆ ಬಿತ್ತು. ರಸ್ತೆ ಬದಿಯ ಚಹಾದ ಹೋಟೆಲ್, ಅಲ್ಲಿದ್ದ ಸಂಸಾರ, ನಿಂತಿದ್ದ ಲಾರಿಗಳು, ಎಲ್ಲಾ ಮಣ್ಣಿನಡಿ, ಗಂಗಾವಳಿಯ ನೀರಿನಡಿ. ಹಲವು ದಿನ ರಸ್ತೆ ಬಂದ್. ಹೊಳೆಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ–ಸದಾಶಿವಗಡ ನಡುವಿನ ಹಳೇ ಕಾಳಿ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು.

ಆ ಜುಲೈಯಲ್ಲಿ ಗೋವಾ–ಮುಂಬೈ ವಿಮಾನದ ಹೊತ್ತು ಆ್ಯಪ್‌ನಲ್ಲಿ ಎಂದಿನಂತೆಯೇ ತೋರಿಸ್ತಿತ್ತು, ಒಂದು ಗಂಟೆ ಚಿಲ್ಲರೆ. ಕುಮಟಾದಿಂದ ಅಲ್ಲಿಗೆ ಹೋಗೋ ದಾರಿಯೇ ಇರಲಿಲ್ಲ. ಯಾವ ತಿಂಗಳಲ್ಲಿ?

(12/12)
ಕೊನೆಯದಾಗಿ ಅಲಗೇರಿ. ಅಂಕೋಲಾ ಪೇಟೆಯ ಹತ್ತಿರದ ಹಳ್ಳಿ, ಕುಮಟಾದಿಂದ ಸುಮಾರು 30 ಕಿ.ಮೀ. ಕಾರವಾರದ ನೌಕಾನೆಲೆಗಾಗಿ ಅಲ್ಲಿ ವಿಮಾನ ನಿಲ್ದಾಣ ಮಾಡಿ, ದಾಬೋಲಿಮ್ ಥರ ನಾಗರಿಕ ವಿಮಾನಗಳಿಗೂ ಜಾಗ ಕೊಡುವ ಯೋಜನೆ ಇದೆ. ಅಲಗೇರಿ, ಬೆಳಸೆ, ಭಾವಿಕೇರಿ ಕಡೆಯ ಭೂಮಿ ಅದಕ್ಕೆ ಬೇಕು. ಅದು ಆದ್ರೆ ನಮಗೆ ಏರ್‌ಪೋರ್ಟ್ ನಾಲ್ಕು ಗಂಟೆಯಿಂದ ಮುಕ್ಕಾಲು ಗಂಟೆಗೆ ಇಳೀತದೆ. ಅಲ್ಲಿಂದ ಮುಂಬೈಗೆ ನೇರ ದೂರ ಸುಮಾರು 515 ಕಿ.ಮೀ.

ನಮ್ಮ ಕ್ಲಾಸಿನ ಗ್ರೂಪಲ್ಲಿ ಈ ಸುದ್ದಿ ಬಂದಾಗ ಎಲ್ಲರೂ ಚಪ್ಪಾಳೆ ಇಮೋಜಿ ಹಾಕಿದೆವು, ನಾನೂ ಸೇರಿ. ಅಂಕೋಲಾ ಕಡೆಯ ಒಬ್ಬ ಹುಡುಗಿ ಮಾತ್ರ ಏನೂ ಹಾಕಲಿಲ್ಲ. ಮರುದಿನ ಕೇಳಿದ್ದಕ್ಕೆ ಅವಳು ಹೇಳಿದ್ದು: “ನಮ್ಮ ಸಂಬಂಧಿಕರು ಒಂದ್ಸಲ ಸೀಬರ್ಡ್‌ಗೆ ಮನೆ ಬಿಟ್ಟವರು ಮಾರಾಯ.”

ಸೀಬರ್ಡ್ ಅಂದ್ರೆ ಅದೇ ನೌಕಾನೆಲೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯ್ತು. ನಡುವಿನ ವರ್ಷಗಳಲ್ಲಿ ಕಾರವಾರ–ಅಂಕೋಲಾ ನಡುವಿನ ಕಡಲತೀರದ ಹಳ್ಳಿಗಳಿಂದ ಸಾವಿರಾರು ಕುಟುಂಬ ಎದ್ದು ಹೋದವು. ಮೀನುಗಾರರು ಸಮುದ್ರ ಬಿಟ್ಟು, ರೈತರು ಗದ್ದೆ ಬಿಟ್ಟು. ಪರಿಹಾರಕ್ಕೆ ಕೋರ್ಟು ಅಲೆದದ್ದು ದಶಕಗಳ ಕಾಲ.

ಏರ್‌ಪೋರ್ಟ್ ಬೇಡ ಅಂತ ನಾನು ಹೇಳ್ತಾ ಇಲ್ಲ. ಶಿರೂರಿನ ಥರ ರಸ್ತೆ ಮುಚ್ಚಿದಾಗ, ಹೊನ್ನಾವರದಲ್ಲೋ ಭಟ್ಕಳದಲ್ಲೋ ಯಾರಿಗಾದ್ರೂ ತುರ್ತಾಗಿ ದೊಡ್ಡಾಸ್ಪತ್ರೆ ಬೇಕಾದಾಗ, ಮುಕ್ಕಾಲು ಗಂಟೆಯಲ್ಲಿ ಒಂದು ರನ್‌ವೇ ಇರೋದಕ್ಕೆ ಬೆಲೆ ಇದೆ. ನಮ್ಮ ಜಿಲ್ಲೆಯಿಂದ ಆಂಬುಲೆನ್ಸ್‌ನಲ್ಲಿ ಮಂಗಳೂರಿಗೋ ಮಣಿಪಾಲಕ್ಕೋ ಹೋದವರ ಮನೆಯವರಿಗೆ ಆ ನಾಲ್ಕು ಗಂಟೆ ಏನು ಅಂತ ಗೊತ್ತು. ಆದ್ರೆ ನಮಗೆ ಉಳಿಯೋ ಮೂರು ಗಂಟೆ ಕಾಲಿನ ಲೆಕ್ಕ ಬರೆಯುವಾಗ ಅಲಗೇರಿಯವರ ಗದ್ದೆ, ಮನೆ, ತೆಂಗಿನಮರದ ಲೆಕ್ಕವೂ ಅದೇ ಹಾಳೆಯಲ್ಲಿ ಇರಬೇಕು. ಪರಿಹಾರ ಮೊದಲು ಸಿಗಬೇಕೋ ರನ್‌ವೇ ಮೊದಲು ಆಗಬೇಕೋ ಅಂತ ನನ್ನನ್ನು ಕೇಳಿದ್ರೆ, ಪರಿಹಾರ ಮೊದಲು. ಸೀಬರ್ಡ್‌ನಲ್ಲಿ ಅದು ಉಲ್ಟಾ ಆಯ್ತು.

ಮುಂದಿನ ಸರಣಿ ತಾರಿಗಳ ಬಗ್ಗೆ. ತದಡಿ–ಅಘನಾಶಿನಿ ಕಡೆಯವರು, ಹೊನ್ನಾವರ–ಕಾಸರಕೋಡ ಕಡೆಯವರು, ನಿಮ್ಮ ಮನೆಯಲ್ಲಿ ತಾರಿ ದಾಟಿ ಶಾಲೆಗೋ ಪೇಟೆಗೋ ಹೋದ ಅಜ್ಜ ಅಜ್ಜಿ ಇದ್ರೆ ಈ ವಾರ ಕೂತು ಕೇಳಿ. ಎಷ್ಟು ಕಾಸು ಕೊಡ್ತಿದ್ರು, ಎಷ್ಟು ಹೊತ್ತು ಕಾಯ್ತಿದ್ರು, ಮಳೆಗಾಲದಲ್ಲಿ ಏನು ಮಾಡ್ತಿದ್ರು. ವಾಯ್ಸ್ ನೋಟ್ ಆದ್ರೂ ಪರವಾಗಿಲ್ಲ, ಡಿಎಂ ಮಾಡಿ. ಹಳೇ ಫೋಟೋ ಇದ್ರೆ ಇನ್ನೂ ಒಳ್ಳೇದು, ಫೋನಲ್ಲಿ ತೆಗೆಯುವಾಗ ನೆರಳು ಬೀಳದ ಹಾಗೆ ನೋಡ್ಕೊಳ್ಳಿ.

#ಸಂತೆಗುಳಿ #ಕುಮಟಾ #ಹೊನ್ನಾವರ #ಭಟ್ಕಳ #ಉತ್ತರಕನ್ನಡ #ನಮ್ಮೂರ_ಇತಿಹಾಸ #ಕರಾವಳಿ